ಸನ್ನದು ಯಾರ ಕಾವಲಿಗೆ?

1967ರ ಫೆಬ್ರವರಿಯಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯದ ಪ್ಲಾಕಮಿನ್ಸ್ ಪ್ಯಾರಿಷ್‌ನಲ್ಲಿ ರಿಚರ್ಡ್ ಸೊಬೋಲ್ ಎಂಬ ವಕೀಲರನ್ನು ಪೊಲೀಸರು ಬಂಧಿಸಿದರು. ಆ ರಾಜ್ಯದ ಸನ್ನದಿಲ್ಲದೆ ವಕೀಲಿ ಮಾಡಿದರೆಂಬುದು ಅವರ ಮೇಲಿನ ಆರೋಪ. ವಾಷಿಂಗ್ಟನ್ನಿನಿಂದ ಬಂದಿದ್ದ ಸೊಬೋಲ್, ಗ್ಯಾರಿ ಡಂಕನ್ ಎಂಬ ಕಪ್ಪು ಯುವಕನ ಪರ ನಿಂತಿದ್ದರು. ಬಿಳಿಯ ಹುಡುಗನೊಬ್ಬನ ಮೇಲೆ ಕೈ ಮಾಡಿದನೆಂದು ಡಂಕನ್‌ಗೆ 60 ದಿನಗಳ ಸಜೆಯೂ 150 ಡಾಲರ್ ದಂಡವೂ ಆಗಿತ್ತು. ಜ್ಯೂರಿ ಎದುರು ವಿಚಾರಣೆ ನಡೆಸಿ ಎಂದು ಕೇಳಿದರೆ ಕೊಟ್ಟಿರಲಿಲ್ಲ. ಅಂಥ ಮೊಕದ್ದಮೆ ಹಿಡಿಯುವ ಸ್ಥಳೀಯ ವಕೀಲರು ಬೆರಳೆಣಿಕೆಯಷ್ಟಿದ್ದರು. 1968ರಲ್ಲಿ ಸುಪ್ರೀಂ ಕೋರ್ಟ್, ಗಂಭೀರ ಅಪರಾಧಗಳಲ್ಲಿ ಜ್ಯೂರಿ ವಿಚಾರಣೆಯ ಹಕ್ಕು ರಾಜ್ಯಗಳಿಗೂ ಅನ್ವಯಿಸುತ್ತದೆಂದು ಡಂಕನ್ ಪರ ತೀರ್ಪಿತ್ತಿತು. ಸೊಬೋಲ್ ಮೇಲೆ ಹೂಡಿದ್ದ ಮೊಕದ್ದಮೆ ಕೇವಲ ಕಿರುಕುಳಕ್ಕಾಗಿ ಎಂದು ಕಂಡ ಫೆಡರಲ್ ನ್ಯಾಯಪೀಠ ಅದೇ ವರ್ಷ ಅದನ್ನು ತಡೆಯಿತು.

ರಾಜ್ಯಕ್ಕೊಂದು ಸನ್ನದು ಎಂಬ ಅಮೆರಿಕದ ಪದ್ಧತಿಯನ್ನು ಅಳೆಯಲು ಈ ಪ್ರಕರಣಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಕಕ್ಷಿದಾರನ ರಕ್ಷಣೆಗೆಂದು ಮಾಡಿದ ನಿಯಮವೇ ಇಲ್ಲಿ ಕಕ್ಷಿದಾರನಿಂದ ವಕೀಲನನ್ನು ಕಿತ್ತುಕೊಳ್ಳಲು ಬಳಕೆಯಾಯಿತು.

ಆ ದೇಶದಲ್ಲಿ ಸನ್ನದು ಕೊಡುವುದು ಆಯಾ ರಾಜ್ಯ. 50 ರಾಜ್ಯಗಳಿಗೂ ರಾಜಧಾನಿಗೂ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ಶಿಸ್ತು ಸಮಿತಿ. ಕೆಲವು ವರ್ಷ ವಕೀಲಿ ಮಾಡಿದವರನ್ನು ಅನೇಕ ರಾಜ್ಯಗಳು ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳುತ್ತವೆ. ಆದರೆ ಕ್ಯಾಲಿಫೋರ್ನಿಯಾ, ಫ್ಲೋರಿಡಾಗಳಲ್ಲಿ ಹೊರಗಿನ ಅನುಭವಿ ವಕೀಲರೂ ಸಾಮಾನ್ಯವಾಗಿ ಪರೀಕ್ಷೆಗೆ ಕೂರಲೇಬೇಕು. ಒಂದೇ ಮೊಕದ್ದಮೆಗೆಂದು ಬರುವವರು ಸ್ಥಳೀಯ ವಕೀಲರನ್ನು ಜೊತೆಗಿಟ್ಟುಕೊಂಡು ನ್ಯಾಯಾಧೀಶರ ಅನುಮತಿ ಕೇಳಬೇಕು. ಆ ಅನುಮತಿ ಹಕ್ಕಲ್ಲವೆಂದು 1979ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಈ ಪದ್ಧತಿಯ ಪರವಾದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಕೊಲೆ, ವಿಚ್ಛೇದನ, ಉಯಿಲು, ಬಾಡಿಗೆ ಎಲ್ಲದಕ್ಕೂ ಅಲ್ಲಿ ಆಯಾ ರಾಜ್ಯದ ಕಾನೂನು. ಲೂಯಿಸಿಯಾನದ ಸಿವಿಲ್ ಕಾನೂನಿನ ಬೇರು ಇರುವುದು ಫ್ರೆಂಚ್, ಸ್ಪ್ಯಾನಿಷ್ ಸಂಹಿತೆಗಳಲ್ಲಿ. ಭಾರತದ ಸ್ಥಿತಿ ಬೇರೆ. 1961ರ ವಕೀಲರ ಕಾಯ್ದೆಯ 30ನೇ ಕಲಂ 2011ರ ಜೂನ್ 15ರಂದು ಜಾರಿಗೆ ಬಂದ ಮೇಲೆ, ಕರ್ನಾಟಕದಲ್ಲಿ ನೋಂದಾಯಿಸಿದ ವಕೀಲರಿಗೆ ದೇಶದ ಯಾವ ನ್ಯಾಯಾಲಯದಲ್ಲೂ ವಾದಿಸುವ ಹಕ್ಕಿದೆ. ಆದರೂ, ಹೊರಗಿನವರು ಸ್ಥಳೀಯ ವಕೀಲರೊಡನೆಯೇ ಹಾಜರಾಗಬೇಕೆಂಬ ಅಲಹಾಬಾದ್ ಹೈಕೋರ್ಟಿನ ನಿಯಮವನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲಿ ದಂಡಸಂಹಿತೆಯೂ ಪ್ರಕ್ರಿಯಾ ಸಂಹಿತೆಗಳೂ ಬಹುಮಟ್ಟಿಗೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಈ ಸ್ವಾತಂತ್ರ್ಯ ಸುಲಭವಾಗಿ ದಕ್ಕಿತು. ಅದನ್ನು ಅಮೆರಿಕದ ಮೇಲೆ ಹಾಗೆಯೇ ಹೇರುವುದು ನ್ಯಾಯವಲ್ಲ.

ಆದರೆ ಅಲ್ಲಿನ ಗೋಡೆಗಳೆಲ್ಲ ಕಾನೂನಿನ ಈ ವ್ಯತ್ಯಾಸದಿಂದ ಎದ್ದವಲ್ಲ. ಕ್ಯಾಥರಿನ್ ಪೈಪರ್ ನ್ಯೂ ಹ್ಯಾಂಪ್‌ಷೈರ್‌ನ ಪರೀಕ್ಷೆ ಪಾಸು ಮಾಡಿದ್ದರು. ಮನೆ ಮಾತ್ರ ಗಡಿಯಿಂದ ಸುಮಾರು 400 ಗಜ ದೂರದಲ್ಲಿ, ವರ್ಮಾಂಟ್‌ನಲ್ಲಿತ್ತು. ಅಷ್ಟಕ್ಕೇ ಸನ್ನದು ನಿರಾಕರಿಸಿದರು. 1985ರಲ್ಲಿ ಸುಪ್ರೀಂ ಕೋರ್ಟ್ ಆ ವಾಸಸ್ಥಳದ ನಿಯಮವನ್ನು ರದ್ದುಮಾಡಿತು. 2011ರಲ್ಲಿ ಶುರುವಾದ ಏಕರೂಪ ಬಾರ್ ಪರೀಕ್ಷೆಯ ಅಂಕಗಳನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯಬಹುದು. ಅದು ನಿಜವಾದ ಸುಧಾರಣೆ. ಆದರೆ ಉತ್ತೀರ್ಣತೆಗೆ ನ್ಯೂಯಾರ್ಕ್ ಇಟ್ಟ ಗೆರೆ 266, ಪಕ್ಕದ ಮ್ಯಾಸಚೂಸೆಟ್ಸ್ ಇಟ್ಟದ್ದು 270. ಅದೇ ಪ್ರಶ್ನೆಪತ್ರಿಕೆಗೆ 268 ಅಂಕ ತೆಗೆದವರು ಗಡಿಯ ಈಚೆ ಅರ್ಹರು, ಆಚೆ ಅನರ್ಹರು. ಇದನ್ನು ಸ್ಥಳೀಯ ಕಾನೂನಿನ ಜ್ಞಾನ ಎಂದು ಸಮರ್ಥಿಸಲು ಯಾರಿಂದಲೂ ಆಗದು.

ಇನ್ನು 1998ರ ಬರ್‌ಬ್ರೋವರ್ ಪ್ರಕರಣ. ನ್ಯೂಯಾರ್ಕಿನ ವಕೀಲರು ಕ್ಯಾಲಿಫೋರ್ನಿಯಾದ ಕಂಪನಿಯೊಂದರ ವ್ಯಾಜ್ಯಕ್ಕಾಗಿ ಅಲ್ಲಿಗೆ ಹೋಗಿ ಮಾತುಕತೆ ನಡೆಸಿದರು. ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಶುಲ್ಕದ ಪ್ರಶ್ನೆ ಬಂದಾಗ, ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಕೆಲಸಕ್ಕೆ ಹಣ ಕೇಳುವಂತಿಲ್ಲ ಎಂದಿತು ಆ ರಾಜ್ಯದ ಸುಪ್ರೀಂ ಕೋರ್ಟ್. ಕಾಲಿಡದಿದ್ದರೂ ಫೋನು, ಫ್ಯಾಕ್ಸು, ಕಂಪ್ಯೂಟರಿನ ಮೂಲಕ ಮಾಡಿದ ಕೆಲಸವೂ ಅನಧಿಕೃತ ವಕೀಲಿಕೆ ಆಗಬಹುದೆಂದು ಸೇರಿಸಿತು. ವಕೀಲ ಸಮುದಾಯ ಬೆಚ್ಚಿತು. 2002ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ಮಾದರಿ ನಿಯಮ 5.5ನ್ನು ತಿದ್ದಿ, ಹೊರರಾಜ್ಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ದಾರಿ ಬಿಟ್ಟಿತು. ಕೋವಿಡ್ ಕಾಲದಲ್ಲಿ, ಬೇರೆ ರಾಜ್ಯದ ಮನೆಯಲ್ಲಿ ಕೂತು ತಮ್ಮ ಸನ್ನದಿನ ರಾಜ್ಯದ ಕೆಲಸ ಮಾಡುವುದು ತಪ್ಪಲ್ಲವೆಂದೂ ಅಭಿಪ್ರಾಯ ಕೊಟ್ಟಿತು.

ಗೋಡೆ ಇಲ್ಲದಿದ್ದರೆ ಅನಾಹುತವಾಗುತ್ತದೆಯೇ? ವಲಸೆ ಕಾನೂನು ಫೆಡರಲ್ ವಿಷಯವಾದ್ದರಿಂದ, ಯಾವುದೇ ಒಂದು ರಾಜ್ಯದ ಸನ್ನದಿರುವ ವಕೀಲರು ದೇಶದ ಯಾವ ಮೂಲೆಯವರ ಅರ್ಜಿಯನ್ನಾದರೂ ನಡೆಸಬಹುದು. ಡಲ್ಲಾಸ್‌ನ ಕನ್ನಡಿಗನ ಎಚ್-1ಬಿ, ಗ್ರೀನ್ ಕಾರ್ಡುಗಳನ್ನು ನ್ಯೂಜೆರ್ಸಿಯ ವಕೀಲರು ನೋಡಿಕೊಳ್ಳಬಹುದು. ಅದೇ ಕನ್ನಡಿಗ ಅಲ್ಲಿ ವಿಚ್ಛೇದನಕ್ಕೆ ಹೋದರೆ ಟೆಕ್ಸಾಸ್ ಸನ್ನದಿನವರೇ ಬೇಕು. ಒಂದು ಕುಟುಂಬದ ಇಡೀ ಭವಿಷ್ಯ ನಿಂತಿರುವ ವಲಸೆ ವಿಷಯದಲ್ಲಿ ಹೊರಗಿನ ವಕೀಲರನ್ನು ನಂಬಬಹುದಾದರೆ, ಉಳಿದೆಡೆ ಅಪನಂಬಿಕೆಗೆ ಇನ್ನೂ ಗಟ್ಟಿ ಕಾರಣ ಬೇಕು.

ಈ ಗೋಡೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ದೊಡ್ಡ ಕಂಪನಿಯ ವಕೀಲ ಸಂಸ್ಥೆಗೆ ಹತ್ತಾರು ರಾಜ್ಯಗಳಲ್ಲಿ ಕಚೇರಿಯಿದೆ, ಎಲ್ಲೆಡೆ ಸನ್ನದುದಾರರಿದ್ದಾರೆ. ಅತ್ತ 2020ರ ಬಾರ್ ಅಸೋಸಿಯೇಷನ್ ವರದಿಯಂತೆ ದೇಶದ ಶೇಕಡಾ 40ರಷ್ಟು ಕೌಂಟಿಗಳಲ್ಲಿ ಸಾವಿರ ಜನಕ್ಕೆ ಒಬ್ಬ ವಕೀಲರೂ ಇಲ್ಲ. ಅಂಥ ಊರಿನಲ್ಲಿ ಬಾಡಿಗೆ ಮನೆಯಿಂದ ಹೊರದಬ್ಬಿಸಿಕೊಳ್ಳುವ ಹೆಣ್ಣುಮಗಳಿಗೆ, ಪಕ್ಕದ ರಾಜ್ಯದ ಪಟ್ಟಣದಲ್ಲಿರುವ ಸಮರ್ಥ ವಕೀಲರು ಸಿಗದಂತೆ ಮಾಡಿ ಯಾರನ್ನು ರಕ್ಷಿಸಿದಂತಾಯಿತು?

ಪದ್ಧತಿಯನ್ನು ಬುಡಸಹಿತ ಕೀಳಬೇಕಿಲ್ಲ. ಶಿಸ್ತಿನ ಅಧಿಕಾರ ರಾಜ್ಯದಲ್ಲೇ ಇರಲಿ. ಮಾದರಿ ನಿಯಮ 8.5ರಂತೆ, ಹೊರಗಿನ ವಕೀಲರು ತಾವು ಕೆಲಸ ಮಾಡಿದ ರಾಜ್ಯದ ಶಿಸ್ತಿಗೂ ಒಳಪಡುತ್ತಾರೆ. ಒಂದು ರಾಜ್ಯ ವಿಧಿಸಿದ ಶಿಕ್ಷೆಯನ್ನು ಇನ್ನೊಂದು ಅನುಸರಿಸುವ ಕ್ರಮವೂ ಇದೆ. ಶಿಕ್ಷೆ ಗಡಿ ದಾಟಬಲ್ಲದಾದರೆ ಸನ್ನದೂ ದಾಟಬಲ್ಲದು. ಅನುಭವಿ ವಕೀಲರಿಂದ ಸ್ಥಳೀಯ ಕಾನೂನಿನ ಚಿಕ್ಕ ಅಧ್ಯಯನವನ್ನಷ್ಟೇ ಕೇಳಿ, ಇಡೀ ಪರೀಕ್ಷೆಯನ್ನು ಕೈಬಿಡಲಿ. ವಕೀಲಿ ನಿಯಮಗಳನ್ನು ಬರೆಯುವವರು ಬಹುಪಾಲು ವಕೀಲರೇ, ನ್ಯಾಯಾಧೀಶರೇ. ಬರೆಯುವಾಗ ಅವರ ಎದುರಿಗೆ ಡಂಕನ್‌ನಂಥ ಕಕ್ಷಿದಾರ ಇರಬೇಕು. ಅವನಿಗೆ ಉಪಕಾರ ಮಾಡದ ನಿಯಮಕ್ಕೆ ರಕ್ಷಣೆಯ ಹೆಸರು ಸಲ್ಲದು.