ಎಳೆ ಕಂಡರೆ ಸಾಲದು

ಅಮೈನೊ ಆಮ್ಲದ ಪುಡಿಯ ಮೇಲೆ ಆಘಾತ ತರಂಗ ಹಾಯಿಸಿದ ಬೆಂಗಳೂರಿನ ಪ್ರಯೋಗವೊಂದರ ವರದಿ 2020ರಲ್ಲಿ ‘ಮಾಲಿಕ್ಯೂಲ್ಸ್’ ಪತ್ರಿಕೆಯಲ್ಲಿ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ಟ್ಯೂಬ್ ಇದರ ಸಾಧನ. ಅಹಮದಾಬಾದಿನ ಭಾಲಮುರುಗನ್ ಶಿವರಾಮನ್ ಬಳಗದ ಜೊತೆ ಇಲ್ಲಿನ ಕೆ.ಪಿ.ಜೆ. ರೆಡ್ಡಿ, ಜಿ. ಜಗದೀಶ್, ವಿ. ಜಯರಾಮ್ ಕೈಜೋಡಿಸಿದ್ದರು. ಕೊಳವೆಯ ನಡುವಿನ ಲೋಹದ ತೆಳು ಪರದೆ ಹರಿದೊಡನೆ ಒತ್ತಿಟ್ಟ ಅನಿಲ ನುಗ್ಗುತ್ತದೆ. ಸುಮಾರು 2 ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಉಳಿದದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರೆ ಪುಡಿಯ ಜಾಗದಲ್ಲಿ ಎಳೆ ಎಳೆಯಾದ ರಚನೆಗಳು!

ಈ ಪ್ರಯೋಗದ ಹಿಂದಿನ ಪ್ರಶ್ನೆ ಒಳ್ಳೆಯದು. ವೈಲ್ಡ್ 2 ಧೂಮಕೇತುವಿನಿಂದ ತಂದ ಮಾದರಿಯಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಇರುವುದು 2009ರಲ್ಲಿ, 67ಪಿ ಧೂಮಕೇತುವಿನಲ್ಲಿರುವುದು 2016ರಲ್ಲಿ ತಿಳಿಯಿತು. ಅಂಥ ಕಾಯ ಗ್ರಹಕ್ಕೆ ಅಪ್ಪಳಿಸಿದಾಗ ಆ ಅಣುಗಳ ಗತಿಯೇನು? ಅಮೈನೊ ಆಮ್ಲ ಹುಟ್ಟುವ ಬಗೆಯನ್ನು ಹುಡುಕಿದವರು ಬಹಳ, ಹುಟ್ಟಿದ ಮೇಲಿನ ಕತೆಯನ್ನು ಕೇಳಿದವರು ಕಡಿಮೆ.

ನನ್ನ ತಕರಾರು ಎಳೆಗಳದ್ದೇ. ಕಣಗಳು ಬರಿದೆ ಅಂಟಿಕೊಂಡರೂ ಎಳೆಯಾಗಬಹುದು, ನೀರಿನ ಅಣು ಕಳಚಿ ರಾಸಾಯನಿಕ ಬಂಧ ಕೂಡಿ ಪಾಲಿಮರ್ ಆದರೂ ಎಳೆಯೇ. ಚಿತ್ರವೊಂದರಿಂದಲೇ ಇವನ್ನು ಬೇರ್ಪಡಿಸಲಾಗದು. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಯವರೂ ಪಾಕವನ್ನು ಕಣ್ಣಲ್ಲಿ ನೋಡಿ ಸುಮ್ಮನಾಗುವುದಿಲ್ಲ. ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ ನೋಡಿಯೇ ಕೊಪ್ಪರಿಗೆ ಇಳಿಸುವುದು.

ಧೂಮಕೇತು ವಿಜ್ಞಾನ ಈ ಪೆಟ್ಟನ್ನು ತಿಂದಿದೆ. 1986ರಲ್ಲಿ ಹ್ಯಾಲಿಯ ಬಳಿ ಹಾದ ಜಿಯೊಟ್ಟೊ ನೌಕೆಗೆ 14, 16ರ ಅಂತರದಲ್ಲಿ ಸಾಲಾಗಿ ನಿಂತ ದ್ರವ್ಯರಾಶಿಯ ಶಿಖರಗಳು ಸಿಕ್ಕವು. ಮರುವರ್ಷ ಹ್ಯೂಬ್ನರ್ ಅದನ್ನು ಫಾರ್ಮಾಲ್ಡಿಹೈಡಿನ ಪಾಲಿಮರ್ ಎಂದರು. ಆದರೆ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳ ಬೆರಕೆ ಅಣುಗಳೂ ಅದೇ ಸಾಲು ಕೊಡುತ್ತವೆಂದು 1992ರಲ್ಲಿ ಮಿಚೆಲ್ ಬಳಗ ತೋರಿಸಿತು. 2015ರಲ್ಲಿ, 67ಪಿ ಮೇಲೆ ಇಳಿದಿದ್ದ ಫಿಲೆ ನೌಕೆಯ ದತ್ತಾಂಶದ ಮೇಲೆ ಅದೇ ಪಾಲಿಮರ್ ಮತ್ತೆ ತಲೆ ಎತ್ತಿತು. 2017ರಲ್ಲಿ ಆಲ್ಟ್‌ವೆಗ್ ತಂಡ ಒಪ್ಪಲಿಲ್ಲ.

ಇನ್ನೊಂದು ಕೊರತೆ: ಕೊಳವೆಯಲ್ಲಿ ಒಣ ಪುಡಿಗೆ ಬಿಸಿ ಅನಿಲ ತಗಲುತ್ತದೆ, ಧೂಮಕೇತು ಅಪ್ಪಳಿಸುವಾಗ ಹಿಮ, ಧೂಳು, ಅಪಾರ ಒತ್ತಡ ಒಟ್ಟಿಗೆ ಬರುತ್ತವೆ. 2013ರ ಬ್ರಿಟಿಷ್ ಪ್ರಯೋಗ ಹಿಮಕ್ಕೇ ಗುಂಡು ಹೊಡೆದು ಈ ದೃಷ್ಟಿಯಲ್ಲಿ ಹತ್ತಿರ ಹೋಗಿತ್ತು. ಬೆಂಗಳೂರಿನ ಪ್ರಯೋಗ ಗಟ್ಟಿಯಾದದ್ದು, ಮತ್ತೆ ಮತ್ತೆ ಮಾಡಿ ನೋಡಬಹುದಾದದ್ದು. ‘ಜೀವದ ಉಗಮ’ವನ್ನು ವರದಿಯ ಶೀರ್ಷಿಕೆಗೆ ಏರಿಸಿದ್ದು ಮಾತ್ರ ಆತುರ.