ಮಲ್ಪೆಯ ಗಲ್ ಬಿಟ್ಟು ಸೊರಬದ ಮಂಗ ಹಿಡಿದದ್ದು

ಮಲ್ಪೆ ಬಂದರಿನ ಗಲ್ ಎಂಬ ಕಡಲಹಕ್ಕಿಗಳ ವಿಚಾರ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಸಂಪಾದಕರು ಆಗಲೇ ಎರಡು ಸಲ ಜ್ಞಾಪಿಸಿದ್ದಾರೆ. ಹಸ್ತ ಮಳೆ ಕೆ.ಬಿ. ಬಡಾವಣೆಯ ಮೇಲೆ ಬಿಟ್ಟು ಬಿಟ್ಟು ಸುರಿಯುತ್ತಿದೆ, ದೋಸೆಗೆ ಹೋಗುವುದೂ ಕಷ್ಟ. ಬರೆದು ಮುಗಿಸುವುದೇ ಲೇಸು. ಸಮುದ್ರವಿಲ್ಲದ ದಾವಣಗೆರೆಯಲ್ಲಿ ಕೂತವನಿಗೆ ಕಡಲಹಕ್ಕಿಯ ಹುಚ್ಚೇಕೆ ಎಂದು ಕೇಳುವವರಿಗೆ ಈ ಅಂಕಣದಲ್ಲಿ ಹಲವು ಸಲ ಉತ್ತರ ಕೊಟ್ಟಾಗಿದೆ. ಹಳೇ ಓದುಗರು ಹೊಸಬರಿಗೆ ಹೇಳಿಕೊಳ್ಳಲಿ.

ಮಲ್ಪೆಗೆ ಹೋಗಲು ಇದೇ ಸಮಯ. ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು, ಹೆಬ್ರಿ ಮೇಲೆ ಉಡುಪಿ ಸೇರಿದರೆ ಬಂದರು ಅಲ್ಲೇ. ಜೂನ್-ಜುಲೈಯ ಮೀನುಗಾರಿಕೆ ನಿಷೇಧ ಮುಗಿದು ಎರಡು ತಿಂಗಳಾಗಿರುತ್ತದೆ. ದಕ್ಕೆಯ ಮೇಲೆ ಬೂತಾಯಿ, ಬಂಗುಡೆಯ ಬುಟ್ಟಿಗಳು, ಬುಟ್ಟಿಗಳ ಮೇಲೆ ಗಲ್‌ಗಳ ಕಣ್ಣು. ಅವುಗಳಲ್ಲಿ ಕಡುಬೂದು ಬೆನ್ನಿನ, ಹಳದಿ ಕಾಲಿನ, ಕೆಳಕೊಕ್ಕಿನ ತುದಿಯಲ್ಲಿ ಕೆಂಪು ಚುಕ್ಕೆಯಿರುವ ದೊಡ್ಡದನ್ನು ಹುಡುಕಿ. ಅದು ಹ್ಯೂಗ್ಲಿನ್ಸ್ ಗಲ್. ಮೊಟ್ಟೆಯಿಡುವುದು ರಷ್ಯಾದ ಉತ್ತರ ಅಂಚಿನಲ್ಲಿ, ಶ್ವೇತ ಸಮುದ್ರದ ಕಡೆಯಿಂದ ಟೈಮಿರ್ ಪರ್ಯಾಯ ದ್ವೀಪದವರೆಗಿನ ಟಂಡ್ರಾದಲ್ಲಿ. ಪಕ್ಕದಲ್ಲೇ ಗದ್ದಲವೆಬ್ಬಿಸುವ ಚಿಕ್ಕ ಗಲ್‌ಗಳಲ್ಲಿ ಟಿಬೆಟ್ಟಿನ ಸರೋವರಗಳಿಂದ ಬಂದ ಕಂದುತಲೆಯವೂ ಇರುತ್ತವೆ. ಅವು ಬೇರೆ ಕಥೆ.

ಟೈಮಿರ್ ಎಂದೆನಲ್ಲ, ಅಲ್ಲಿಗೇ ಹೋಗೋಣ. ನಾವಿರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಟೈಮಿರ್‌ನ ಕರಾವಳಿ ಎಪ್ಪತ್ತೈದರ ಆಸುಪಾಸು. ನೇರ ಗೆರೆ ಎಳೆದರೂ ಆರು ಸಾವಿರ ಕಿಲೋಮೀಟರ್ ಮೀರುತ್ತದೆ. ಪಶ್ಚಿಮಕ್ಕೆ ಕಾರಾ ಸಮುದ್ರ, ಪೂರ್ವಕ್ಕೆ ಲಾಪ್ಟೆವ್ ಸಮುದ್ರ, ವರ್ಷದ ಬಹುಪಾಲು ಎರಡೂ ಹೆಪ್ಪುಗಟ್ಟಿರುತ್ತವೆ. ಜೂನ್ ನಡುವೆ ಹಿಮ ಕರಗುತ್ತದೆ, ಸೂರ್ಯ ಮುಳುಗುವುದಿಲ್ಲ, ಸೊಳ್ಳೆಯ ಕಾಟಕ್ಕೆ ಕೊನೆಯಿಲ್ಲ. ಹಕ್ಕಿಮರಿಯ ಬಾಯಿಗೆ ಆ ಹುಳುಹುಪ್ಪಟೆಯೇ ಅನ್ನ. ಎರಡು ತಿಂಗಳಲ್ಲಿ ಸಂಸಾರ ಹೂಡಿ, ಮರಿ ಮಾಡಿ, ಗಂಟುಮೂಟೆ ಕಟ್ಟಬೇಕು.

ಆ ತೀರದಲ್ಲಿ ಹುಟ್ಟುವ ಹಕ್ಕಿಗಳಲ್ಲಿ ನನ್ನ ಮನಸ್ಸು ನಿಂತಿರುವುದು ಲಿಟಲ್ ಸ್ಟಿಂಟ್ ಮೇಲೆ. ತೂಕ ಇಪ್ಪತ್ತೈದು ಗ್ರಾಂ ಆಸುಪಾಸು, ಹೆಚ್ಚುಕಡಿಮೆ ನಮ್ಮ ಗುಬ್ಬಚ್ಚಿಯಷ್ಟು. ಹೆಣ್ಣು ಎರಡು ಗೂಡಿಗೆ ಮೊಟ್ಟೆಯಿಟ್ಟು, ಒಂದರ ಕಾವನ್ನು ಗಂಡಿಗೆ ಒಪ್ಪಿಸಿ, ಇನ್ನೊಂದನ್ನು ತಾನು ನೋಡಿಕೊಳ್ಳುವ ಏರ್ಪಾಡು ಇವುಗಳಲ್ಲಿದೆ. ದೊಡ್ಡವು ಜುಲೈಯಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತವೆ. ಮರಿಗಳು ಹಿಂದಿನಿಂದ ತಾವೇ ಬರುತ್ತವೆ, ಅಪ್ಪ ಇಲ್ಲ, ಅಮ್ಮ ಇಲ್ಲ, ದಾರಿ ತೋರಿಸುವವರಿಲ್ಲ. ಹುಬ್ಬೆ ಮಳೆಯ ಹೊತ್ತಿಗೆ ಮೊದಲಿನವು ನಮ್ಮ ಕಡೆ ಇಳಿಯುತ್ತವೆ. ದೇವರಬೆಳಕೆರೆಯ ಹಿನ್ನೀರಿನ ಅಂಚು, ಕೊಂಡಜ್ಜಿ ಕೆರೆಯ ತೆಳುನೀರಿನ ಕಡೆ, ಸೂಳೆಕೆರೆಯ ಕೆಸರು ಬಿಟ್ಟ ಮೂಲೆ. ಜನವರಿಯಲ್ಲಿ ಭದ್ರಾ ನಾಲೆಗೆ ನೀರು ಬಿಟ್ಟು ಬೇಸಿಗೆ ಬೆಳೆಗೆ ಗದ್ದೆ ರೊಜ್ಜು ಮಾಡಿದರಂತೂ ಟ್ರ್ಯಾಕ್ಟರಿನ ಕೇಜ್ ವೀಲ್ ಹಿಂದೆಯೇ ಗದ್ದೆಗೊರವ, ಸ್ಟಿಂಟ್, ರಫ್ ಎಲ್ಲ ಸಾಲಾಗಿ. ಹರಿಹರದ ರೈತ ಆರ್ಕ್ಟಿಕ್ ಸಾಗರದ ತೀರವನ್ನು ತನ್ನ ಗದ್ದೆಯಲ್ಲಿ ಸಾಕುತ್ತಿದ್ದಾನೆ. ಅದು ಅವನಿಗೆ ಗೊತ್ತಿಲ್ಲ, ಪಂಚಾಯಿತಿಗೂ ಗೊತ್ತಿಲ್ಲ.

ಇನ್ನು ಲೆಮ್ಮಿಂಗ್ ಸಂಗತಿ. ಟಂಡ್ರಾದ ಈ ಇಲಿಜಾತಿಯ ಪ್ರಾಣಿ ಮೂರು ನಾಲ್ಕು ವರ್ಷಕ್ಕೊಮ್ಮೆ ಮಿತಿಮೀರಿ ಹೆಚ್ಚುತ್ತದೆ, ಮರುವರ್ಷ ಧೊಪ್ಪನೆ ಕುಸಿಯುತ್ತದೆ. ಹೆಚ್ಚಿದ ವರ್ಷ ಹಿಮನರಿಗೂ ಸ್ಕೂವಾ ಹಕ್ಕಿಗೂ ಲೆಮ್ಮಿಂಗ್‌ನಲ್ಲೇ ಹೊಟ್ಟೆ ತುಂಬುತ್ತದೆ, ಸ್ಟಿಂಟ್‌ಗಳ ಮೊಟ್ಟೆ ಮರಿ ಬಚಾವು. ಕುಸಿದ ವರ್ಷ ಹಸಿದ ನರಿ ಗೂಡು ಗೂಡು ಮೂಸುತ್ತದೆ. ಹೀಗಾಗಿ ದಕ್ಷಿಣ ಆಫ್ರಿಕದ ತೀರದಲ್ಲಿ ಎಳೆಯ ಹಕ್ಕಿಗಳ ಪಾಲು ಎಷ್ಟೆಂದು ಎಣಿಸಿ, ಆ ವರ್ಷ ಟೈಮಿರ್‌ನಲ್ಲಿ ಲೆಮ್ಮಿಂಗ್ ಫಸಲು ಹೇಗಿತ್ತೆಂದು ಹೇಳಿದವರಿದ್ದಾರೆ. ಎಲ್ಲಿಯ ಇಲಿ, ಎಲ್ಲಿಯ ಲೆಕ್ಕ! ಕೊಂಡಜ್ಜಿಯ ಕೆಸರಿಗೂ ಇದೇ ಗಣಿತ ಅನ್ವಯ.

ಹವಾಮಾನದ ಲೆಕ್ಕ ಇನ್ನೂ ಕಠೋರ. ಟೈಮಿರ್‌ನಲ್ಲೇ ಹುಟ್ಟುವ ರೆಡ್ ನಾಟ್ ಎಂಬ ಹಕ್ಕಿಯ ಮೇಲೆ 2016ರಲ್ಲಿ ಬಂದ ಅಧ್ಯಯನವೊಂದಿದೆ. ಹಿಮ ಮುಂಚೆಯೇ ಕರಗುತ್ತಿರುವುದರಿಂದ ಹುಳುಗಳ ಸುಗ್ಗಿ ಮರಿಗಳು ಬೆಳೆಯುವ ಮುಂಚೆಯೇ ಕಳೆದುಹೋಗುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಮರಿಯ ಮೈ ಚಿಕ್ಕದು, ಕೊಕ್ಕು ಮೋಟು. ಚಳಿಗಾಲಕ್ಕೆ ಪಶ್ಚಿಮ ಆಫ್ರಿಕದ ಮಾರಿಟಾನಿಯಾಕ್ಕೆ ಹೋದಾಗ ಮರಳಿನಾಳದ ಚಿಪ್ಪುಜೀವಿ ಆ ಮೋಟು ಕೊಕ್ಕಿಗೆ ಎಟುಕುವುದಿಲ್ಲ. ಉತ್ತರದ ಬಿಸಿಲಿಗೆ ದಕ್ಷಿಣದಲ್ಲಿ ಸಾವು.

ಇದನ್ನೆಲ್ಲ ಉದ್ದ ಲೆನ್ಸಿನವರ ಮುಂದೆ ಹೇಳಿದರೆ ಆಕಳಿಸುತ್ತಾರೆ. ಅವರ ಪಂಥಕ್ಕೆ ಕಂದುಬಣ್ಣದ ಸಣ್ಣ ಹಕ್ಕಿ ಹಕ್ಕಿಯೇ ಅಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಇಳಿಯಿತೆಂದರೆ ಕಾರುಗಳ ಸಾಲು. 2024ರಲ್ಲಿ ಮಾಗಡಿ, ಅಂಕಸಮುದ್ರ, ಅಘನಾಶಿನಿ ಮೂರೂ ರಾಮ್ಸಾರ್ ಪಟ್ಟಿ ಸೇರಿದ ಮೇಲೆ ಆ ಸಾಲು ಉದ್ದವಾಗಿದೆ. ಹಕ್ಕಿ ಎದ್ದು ಹಾರಬೇಕು, ರೆಕ್ಕೆ ಬಿಚ್ಚಬೇಕು, ಹಿನ್ನೆಲೆಯಲ್ಲಿ ಕೆಂಪು ಸೂರ್ಯ ಇರಬೇಕು. ಹಗಲು ಕೆರೆಯಲ್ಲಿ ದಣಿವಾರಿಸಿಕೊಂಡು ರಾತ್ರಿ ಹೊಲಗಳಿಗೆ ಮೇಯಲು ಹೋಗುವ ಹಕ್ಕಿಯನ್ನು ಚಪ್ಪಾಳೆ ತಟ್ಟಿ ಎಬ್ಬಿಸುವುದು ಯಾವ ಸೀಮೆಯ ಪ್ರೀತಿ?

ಈ ಪಕ್ಷಪಾತ ಹಳೆಯದು ಎನ್ನಿ. ಕಾಳಿದಾಸನೇ ಶುರುಮಾಡಿದ್ದು. ನನ್ನ ಮೇಜಿನ ಮೇಲೆ ಬೇಂದ್ರೆಯವರ ಕನ್ನಡ ಮೇಘದೂತ ಸದಾ ಇರುತ್ತದೆ, ಹಕ್ಕಿಪುಸ್ತಕಗಳ ಸಾಲಿನಲ್ಲೇ, ತೇಜಸ್ವಿಯವರ ಹಕ್ಕಿಪುಕ್ಕದ ಪಕ್ಕದಲ್ಲಿ. ಯಕ್ಷ ಮೋಡಕ್ಕೆ ದಾರಿ ಹೇಳುವಾಗ ಒಬ್ಬಂಟಿಯೆಂದು ಅಂಜಬೇಡ ಎನ್ನುತ್ತಾನೆ. ನಿನ್ನ ಗುಡುಗು ಕೇಳಿ ಮಾನಸಕ್ಕೆ ಹಂಬಲಿಸುವ ಹಂಸಗಳು ತಾವರೆದಂಟಿನ ಚೂರನ್ನು ದಾರಿಬುತ್ತಿ ಮಾಡಿಕೊಂಡು ಕೈಲಾಸದವರೆಗೆ ನಿನ್ನ ಜೊತೆ ಬರುತ್ತವೆ. ಮುಂದೆ ಹಿಮಾಲಯದ ಅಂಚಿನಲ್ಲಿ ಪರಶುರಾಮ ಕೊರೆದ ಕ್ರೌಂಚದ ಕಿಂಡಿ, ಹಂಸಗಳ ಬಾಗಿಲು. ಮೋಡ ಅದರೊಳಗೆ ಮೈ ಓರೆ ಮಾಡಿಕೊಂಡು, ಬಲಿಯನ್ನು ತುಳಿಯಲು ಎತ್ತಿದ ವಿಷ್ಣುವಿನ ಕಪ್ಪು ಪಾದದ ಹಾಗೆ ನುಸುಳಬೇಕು. ವಲಸೆಯ ಬಗ್ಗೆ ಇದಕ್ಕಿಂತ ಚೆಂದದ ಮಾತನ್ನು ನಾನು ಓದಿಲ್ಲ. ಆದರೂ ಒಂದು ತಕರಾರು. ಆ ಹಂಸ ಪಟ್ಟೆತಲೆ ಹೆಬ್ಬಾತೇ ಆದರೆ, ಆಷಾಢದ ಮೋಡ ರಾಮಗಿರಿಗೆ ಬರುವ ಹೊತ್ತಿಗೆ ಅದು ಹಿಮಾಲಯ ದಾಟಿ ಮರಿಗಳ ಜೊತೆ ಈಜುತ್ತಿರುತ್ತದೆ. ಮೋಡ ಒಂಟಿಯಾಗಿಯೇ ಹೋಗಬೇಕು.

ಗಲ್‌ಗಳಿಗೆ ವಾಪಸ್ಸಾಗಬೇಕಿತ್ತು. ಆದರೆ ಇಷ್ಟೆಲ್ಲ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಮಗೆ ತಿಳಿದದ್ದು ಹೇಗೆ ಎಂಬ ಪ್ರಶ್ನೆ ಅಡ್ಡ ಬಂತು. ಉತ್ತರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಯವರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕದ ಹಳದಿ ಜ್ವರ ಭಾರತಕ್ಕೂ ಬಂದೇಬಿಟ್ಟಿತೇ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾದದ್ದು, ಟೆಲ್‌ಫರ್ಡ್ ವರ್ಕ್ ಮುಂದಾಳ್ತನದಲ್ಲಿ ಬಂದು ವೈರಸ್ ಹಿಡಿಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ, ಸೈಬೀರಿಯದ ಓಮ್ಸ್ಕ್ ಜ್ವರದ ವೈರಸ್ಸಿಗೆ ದಾಯಾದಿ! ಹರಡುತ್ತಿದ್ದದ್ದು ಕಾಡಿನ ಉಣ್ಣಿ.

ಸೈಬೀರಿಯದ ದಾಯಾದಿ ಸೊರಬಕ್ಕೆ ಯಾವ ಗಾಡಿ ಹತ್ತಿ ಬಂದ? ಎಲ್ಲರ ಬೆರಳೂ ವಲಸೆ ಹಕ್ಕಿಯ ಕಡೆ ತಿರುಗಿತು. ಅದರ ಗರಿಯಲ್ಲಿ ಉಣ್ಣಿ ಕೂತು ಬಂದಿರಬೇಕು. ಹಕ್ಕಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯ ಕನಸು ಸಲೀಂ ಅಲಿಯವರಿಗೆ ಮೊದಲೇ ಇತ್ತು, ಹಣ ಇರಲಿಲ್ಲ. ಈ ಅನುಮಾನದ ಬಲದಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬಂತು. ಬಲೆ ಹರವಿದರು, ಹಕ್ಕಿ ಹಿಡಿದರು, ಉಣ್ಣಿ ಹೆಕ್ಕಿದರು, ರಕ್ತದ ಹನಿ ತೆಗೆದರು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ಭರತಪುರದಲ್ಲಿ ಉಂಗುರ ತೊಟ್ಟ ಹಕ್ಕಿಗಳ ಸುದ್ದಿ ಸೈಬೀರಿಯದಿಂದ ಬರತೊಡಗಿತು. ಮುಂದೆ ಈ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿತ್ತೆಂಬ ವಿಚಾರ 1970ರ ದಶಕದಲ್ಲಿ ಸಂಸತ್ತಿನವರೆಗೂ ಹೋಯಿತು. ಹಕ್ಕಿಯನ್ನೇ ಆಯುಧ ಮಾಡುವ ಹುನ್ನಾರವೆಂದು ಗುಲ್ಲೆದ್ದಿತು. ಕೊನೆಗೆ ಹಕ್ಕಿಗಳ ಮೇಲಿನ ಆರೋಪಕ್ಕೆ ಪುರಾವೆ ಸಿಗಲಿಲ್ಲ. ವೈರಸ್ ನಮ್ಮದೇ ಕಾಡಿನ ಉಣ್ಣಿಯಲ್ಲಿ, ಇಲಿ ಮಂಗಗಳ ನಡುವೆ ಓಡಾಡಿಕೊಂಡಿತ್ತು. ಮಂಗನ ಕಾಯಿಲೆ ಮಲೆನಾಡಿನಲ್ಲಿ ಚಳಿಗಾಲದ ಕೊನೆಗೆ ಈಗಲೂ ತಲೆಯೆತ್ತುತ್ತದೆ. ಆರೋಪಿ ನಿರ್ದೋಷಿಯಾಗಿ ಬಿಡುಗಡೆಯಾದ, ಆದರೆ ವಿಚಾರಣೆಯ ಕಡತದಿಂದ ಭಾರತದ ವಲಸೆ ಹಕ್ಕಿಗಳ ದಾರಿ ತಿಳಿಯಿತು. ಹಕ್ಕಿ ನೋಡುವ ಹವ್ಯಾಸದವರೆಲ್ಲ ಸೊರಬದ ಸತ್ತ ಮಂಗಗಳ ಋಣದಲ್ಲಿದ್ದೇವೆ.

ಆಗ ಹೇಳಿದ ಲೆಮ್ಮಿಂಗ್ ಲೆಕ್ಕಕ್ಕೆ, ನಮ್ಮ ಕೆರೆಗಳಲ್ಲಿ ಎಳೆಯ ಸ್ಟಿಂಟ್‌ಗಳನ್ನು ಎಣಿಸಲು, ಬಲೆಯೂ ಬೇಡ, ಉಂಗುರವೂ ಬೇಡ. ಕೆಸರು ಉಳಿದರೆ ಸಾಕು. ಸ್ಟಿಂಟ್‌ನ ಕಾಲು ಎರಡು ಬೆರಳಿನ ಉದ್ದವೂ ಇಲ್ಲ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಕಲ್ಲು ಹೊದಿಸಿ, ಅಂಚನ್ನು ಕಡಿದಾಗಿಸಿ, ಮೇಲೆ ವಾಕಿಂಗ್ ಪಾತ್ ಮಾಡಿದಲ್ಲಿ ಅದಕ್ಕೆ ನಿಲ್ಲಲು ಜಾಗವಿಲ್ಲ. ನಡೆಯುವವರಿಗೆ ಮೂರು ದಿಕ್ಕು ಕೊಡಿ. ಒಂದು ದಿಕ್ಕಿನ ಇಳಿಜಾರು ಮಣ್ಣಾಗಿಯೇ ಇರಲಿ.

ಲೆನ್ಸಿನ ಮಿತ್ರರಲ್ಲೂ ಒಂದು ಕೋರಿಕೆ, ಜಗಳ ಬದಿಗಿಟ್ಟು. ಎಳೆಯ ಸ್ಟಿಂಟ್‌ನ ಬೆನ್ನಿನ ಮೇಲೆ ಇಂಗ್ಲಿಷಿನ ವಿ ಆಕಾರದ ಬಿಳಿ ಗೆರೆ ಇರುತ್ತದೆ, ಗರಿಗಳ ಅಂಚು ಕೆಂಗಂದು. ದೊಡ್ಡವು ಈ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತಿರುತ್ತವೆ. ಕಾಲು ಕಪ್ಪಿದ್ದರೆ ಲಿಟಲ್ ಸ್ಟಿಂಟ್, ಹಳದಿಯಿದ್ದರೆ ಟೆಮಿಂಕ್ಸ್ ಸ್ಟಿಂಟ್, ಅದನ್ನು ಬಿಡಿ. ನನ್ನ ಬೈನಾಕ್ಯುಲರಿಗೆ ಕಾಣದ ಆ ಗೆರೆ ನಿಮ್ಮ ಲೆನ್ಸಿಗೆ ಚೆನ್ನಾಗಿ ಸಿಗುತ್ತದೆ. ಚಿತ್ತ ಮಳೆ ಮುಗಿಯುವುದರೊಳಗೆ ದೇವರಬೆಳಕೆರೆ, ಕೊಂಡಜ್ಜಿ, ಸೂಳೆಕೆರೆಗಳಲ್ಲಿ ಕಂಡ ಗುಂಪಿನ ಬೆನ್ನು ಕಾಣುವಂತೆ ಫೋಟೊ ತೆಗೆದು ಪತ್ರಿಕೆಗೆ ಕಳಿಸಿ. ಎಳೆಯವು ಎಷ್ಟು, ದೊಡ್ಡವು ಎಷ್ಟು ಎಂದು ಕೂತು ಎಣಿಸುವ ಕೆಲಸ ನನ್ನದು. ತಾರೀಖು ಮತ್ತು ಕೆರೆಯ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.