ತೀರ್ಪಿನ ಮಾತು, ತೀರ್ಪಿನ ಫಲ

ನ್ಯಾಯಾಲಯದ ತೀರ್ಪನ್ನು ಸಾಹಿತ್ಯವೆಂದು ಓದುವ ರೂಢಿ ನಮ್ಮಲ್ಲಿಲ್ಲ. ಆದರೂ 1979ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಿ. ಬಿ. ಮುತ್ತಮ್ಮನವರ ಮೊಕದ್ದಮೆಯಲ್ಲಿತ್ತ ತೀರ್ಪು ವಿಮರ್ಶೆಗೆ ಯೋಗ್ಯವಾದ ಬರಹವೆಂದು ನಾವು ಬಗೆಯುತ್ತೇವೆ. ಅರ್ಜಿದಾರರು ಕೊಡಗಿನ ವಿರಾಜಪೇಟೆಯವರು. ತೀರ್ಪನ್ನು ಬರೆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಲಚೇರಿಯಲ್ಲಿ ವಕೀಲರಾಗಿದ್ದು, 1957ರ ಕೇರಳ ಮಂತ್ರಿಮಂಡಲದಲ್ಲಿ ಮಂತ್ರಿಗಳಾಗಿದ್ದವರು. ಗಡಿನಾಡಿನ ನಮಗೆ ಇಬ್ಬರೂ ನೆರೆಯವರೇ.

ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಸೇರುವಾಗಲೇ ಬರೆದುಕೊಡಬೇಕಾಯಿತೆಂಬುದು ಅವರ ದೂರು. 1961ರ ನಿಯಮಗಳ ಪ್ರಕಾರ ಈ ಸೇವೆಯ ಮಹಿಳೆಯು ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಕಂಡರೆ ಸರಕಾರವು ಆಕೆಯ ರಾಜೀನಾಮೆ ಕೇಳಬಹುದಾಗಿತ್ತು. ಪುರುಷನಿಗೆ ಈ ಕಟ್ಟಳೆಯಿರಲಿಲ್ಲ. ಕಡೆಗೆ ಮೇಲಿನ ದರ್ಜೆಯ ಬಡ್ತಿಯ ಕಾಲ ಬಂದಾಗ, ಅರ್ಹತೆ ಸಾಲದೆಂದು ಅವರನ್ನು ಬಿಟ್ಟು ಕಿರಿಯರನ್ನು ಮೇಲೇರಿಸಲಾಯಿತು.

ತೀರ್ಪಿನ ಗುಣವನ್ನು ಮೊದಲು ಹೇಳೋಣ. ಅಯ್ಯರ್ ಅವರ ಇಂಗ್ಲಿಷು ಸಾಮಾನ್ಯವಾಗಿ ಅಲಂಕಾರಭಾರದಿಂದ ಬಳಲುವಂಥದು. ಇಲ್ಲಿಯಾದರೋ ಒಂದು ಸರಳವಾದ ವಿಚಾರದಿಂದಲೇ ನಿಯಮದ ಬುಡ ಅಲುಗುತ್ತದೆ: ಸಂಸಾರವು ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬಾರದೇಕೆ? ಆದರೆ ಅದರ ಬೆನ್ನಿಗೇ, ಸ್ತ್ರೀಪುರುಷರು ಎಲ್ಲ ಉದ್ಯೋಗಗಳಲ್ಲಿಯೂ ಸಮಾನರೆಂದು ತಾವು ಸಾರುತ್ತಿಲ್ಲವೆಂಬ ಸಮಜಾಯಿಷಿ ಬರುತ್ತದೆ. ತೆರೆದ ಬಾಗಿಲನ್ನು ಅರ್ಧ ಮುಚ್ಚಿದಂತಾಯಿತು.

ದೊಡ್ಡ ಕೊರತೆಯಿರುವುದು ಉತ್ತರಾರ್ಧದಲ್ಲಿ. ಮೊಕದ್ದಮೆ ನಡೆಯುತ್ತಿದ್ದಂತೆಯೇ ಸರಕಾರವು ಬಡ್ತಿ ಕೊಟ್ಟಿತು. ಆಕ್ಷೇಪಿಸಿದ ನಿಯಮಗಳಲ್ಲಿ ಒಂದು ರದ್ದಾಗಿದೆ, ಇನ್ನೊಂದು ರದ್ದಾಗುತ್ತಿದೆಯೆಂದು ಅರಿಕೆ ಮಾಡಿಕೊಂಡಿತು. ನ್ಯಾಯಾಲಯವು ಅರ್ಜಿಯನ್ನು ವಜಾ ಮಾಡಿ, ಜ್ಯೇಷ್ಠತೆಯನ್ನು ಮರುಪರಿಶೀಲಿಸಿರೆಂದು ಸರಕಾರಕ್ಕೇ ಹೇಳಿತು. ಅನ್ಯಾಯವೆಂದು ಕಂಡದ್ದನ್ನು ಅಷ್ಟು ಕಟುವಾಗಿ ನುಡಿದ ಮೇಲೆ, ಅನ್ಯಾಯ ಮಾಡಿದವರ ಕೈಗೇ ಪರಿಹಾರವನ್ನು ಒಪ್ಪಿಸುವುದು ಔಚಿತ್ಯವೇ? ಬಡ್ತಿ ಕೆಲವು ತಿಂಗಳು ತಡವಾದರೆ ಏನಾಯಿತೆಂದು ಹೊರಗಿನವರು ಕೇಳಬಹುದು. ಜ್ಯೇಷ್ಠತಾಪಟ್ಟಿಯಲ್ಲಿ ಒಂದು ಸಾಲು ಕೆಳಗಿಳಿದ ನೌಕರನಿಗೆ ಆ ಒಂದು ಸಾಲು ನಿವೃತ್ತಿಯವರೆಗೂ ಕಾಡುತ್ತದೆಂಬುದನ್ನು ಶಾಲೆಯಲ್ಲಿ ದುಡಿಯುವ ನಾವು ಬಲ್ಲೆವು.

ಇಷ್ಟಾದರೂ ಈ ಬರಹವನ್ನು ನಾವು ಕಡೆಗಣಿಸಲಾರೆವು. ಹಿರಿಯ ಅಧಿಕಾರಿಯೊಬ್ಬರು ತಾವು ಸೇವೆಯಲ್ಲಿರುವಾಗಲೇ ಸರಕಾರದ ವಿರುದ್ಧ ನಿಂತು ಅದರ ಬಾಯಿಂದ ತಪ್ಪೊಪ್ಪಿಗೆಯಂಥ ಮಾತನ್ನು ಹೊರಡಿಸಿದುದು ಸಾಮಾನ್ಯವಲ್ಲ. ಈ ತೀರ್ಪು ಸುಲಭವಾದ ಕನ್ನಡದಲ್ಲಿ ನಮ್ಮ ಸಂಘಗಳ ವಾಚನಾಲಯಗಳಿಗೆ ಬರಲಿ. ಓದುವ ಸೋದರಿಯರು ಅದರ ನಡುವಿನ ಸೊಗಸಾದ ಮಾತುಗಳನ್ನು ಮೆಚ್ಚಲಿ. ಕೊನೆಯ ಆಜ್ಞೆಯನ್ನು ಎರಡು ಸಲ ಓದಲಿ.